ಸರ್ಕ್ಯೂಟ್ ಬೋರ್ಡ್ ಹಿಡಿಯುವ ಫಿಕ್ಸ್ಚರಿಗೆ ನ್ಯಾನೊ ಫಿಲಮೆಂಟ್: ಬೆರಕೆಯಿಂದ ಅಳತೆಯವರೆಗೆ

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರು ಭಾಗದ ಕೈಗಾರಿಕಾ ಪ್ರದೇಶಗಳಿಗೆ ಜಿಗ್, ಫಿಕ್ಸ್ಚರ್, ಟ್ರೇ ಮುಂತಾದವನ್ನು ಮಾಡಿಕೊಡುವ ಸಣ್ಣ ವರ್ಕ್‌ಶಾಪ್‌ಗಳಿಗೆ 3ಡಿ ಪ್ರಿಂಟರ್ ಹೇಳಿ ಮಾಡಿಸಿದ ಯಂತ್ರ. ಹತ್ತೋ ಇಪ್ಪತ್ತೋ ತುಂಡು ಬೇಕಾದಾಗ ಅಚ್ಚು ಮಾಡಿಸುವ ಖರ್ಚಿಲ್ಲ, ವಿನ್ಯಾಸ ಬದಲಾದರೆ ಹಳೆಯ ಅಚ್ಚು ಗುಜರಿಗೆ ಹೋಗುವ ಚಿಂತೆಯೂ ಇಲ್ಲ. ಆದರೆ ಎಲೆಕ್ಟ್ರಾನಿಕ್ಸ್ ಜೋಡಣೆಯ ಸಾಲಿನಿಂದ ಬರುವ ಡ್ರಾಯಿಂಗಿನ ಮೂಲೆಯಲ್ಲಿ ‘ಇಎಸ್‌ಡಿ ಸೇಫ್’, ಅಂದರೆ ಸ್ಥಿರ ವಿದ್ಯುತ್ತಿನ ಕಿಡಿಯಿಂದ ಬೋರ್ಡಿಗೆ ಹಾನಿ ಮಾಡದ್ದು, ಎಂಬ ಒಂದು ಸಾಲು ಇದ್ದರೆ ಕೆಲಸದ ಸ್ವರೂಪವೇ ಬದಲಾಗುತ್ತದೆ. ಸಾದಾ ಪ್ಲಾಸ್ಟಿಕ್ಕಿನ ಮೇಲೆ ಉಜ್ಜುವಿಕೆಯಿಂದ ಸ್ಥಿರ ವಿದ್ಯುತ್ ಕೂಡಿಕೊಳ್ಳುತ್ತದೆ. ಕೈಗೆ ತಾಗಿದರೂ ಗೊತ್ತಾಗದಷ್ಟು ಸಣ್ಣ ಕಿಡಿಯೊಂದು ಬೋರ್ಡಿನ ಮೇಲಿನ ಚಿಪ್ಪನ್ನು ಹಾಳುಮಾಡಲು ಸಾಕಾಗುತ್ತದೆ. ಈ ವಿದ್ಯುತ್ತನ್ನು ನಿಧಾನವಾಗಿ ಅರ್ತಿಂಗಿಗೆ ಹರಿಸಿಬಿಡುವ ಪ್ಲಾಸ್ಟಿಕ್ ಬೇಕು. ಅದನ್ನು ಮಾಡುವ ದಾರಿಗಳಲ್ಲಿ ಒಂದು, ಪ್ಲಾಸ್ಟಿಕ್ಕಿನೊಳಗೆ ಕಾರ್ಬನ್ ನ್ಯಾನೊ ನಳಿಕೆಗಳನ್ನು ಬೆರೆಸುವುದು.

ಈ ಲೇಖನದಲ್ಲಿ ಅಂತಹ ಒಂದು ಫಿಕ್ಸ್ಚರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹಂತ ಹಂತವಾಗಿ ವಿವರಿಸಲಾಗಿದೆ. ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ಎಳೆಯಾದ ಫಿಲಮೆಂಟಿನ ಡಬ್ಬದ ಮೇಲೆ ‘ನ್ಯಾನೊ’ ಎಂದು ಅಚ್ಚಾಗಿರುವುದರಿಂದ ಏನೂ ಆಗುವುದಿಲ್ಲ. ಆ ಸೂಕ್ಷ್ಮ ಕಣಗಳು ಪ್ಲಾಸ್ಟಿಕ್ಕಿನ ಉದ್ದಗಲಕ್ಕೂ ಸಮನಾಗಿ ಹರಡಿವೆಯೇ ಎಂಬುದೇ ಫಲಿತಾಂಶವನ್ನು ತೀರ್ಮಾನಿಸುತ್ತದೆ. ಮುಂದಿನ ಪ್ರತಿ ಹಂತವನ್ನೂ ಓದುವಾಗ, ಇದು ಹರಡಿಕೆಯನ್ನು ಉಳಿಸುತ್ತದೆಯೋ ಕೆಡಿಸುತ್ತದೆಯೋ ಎಂದು ಕೇಳಿಕೊಳ್ಳುವುದು ಉಪಯುಕ್ತ.

ಹಂತ 1: ಅಗತ್ಯವನ್ನು ಅಂಕಿಯಲ್ಲಿ ಬರೆಯಿಸಿಕೊಳ್ಳಿ

‘ಇಎಸ್‌ಡಿ ಸೇಫ್ ಇರಲಿ’ ಎಂಬ ಬಾಯಿಮಾತಿನ ಮೇಲೆ ಕೆಲಸ ಆರಂಭಿಸಬಾರದು. ಎಷ್ಟು ಓಮ್ ರೋಧ ಇರಬೇಕು, ಅದನ್ನು ಎಲ್ಲಿಂದ ಎಲ್ಲಿಗೆ ಅಳೆಯುತ್ತಾರೆ, ಎಷ್ಟು ವೋಲ್ಟ್‌ನಲ್ಲಿ ಅಳೆಯುತ್ತಾರೆ ಎಂಬುದನ್ನು ಗ್ರಾಹಕರಿಂದ ಬರಹದಲ್ಲಿ ಪಡೆಯಬೇಕು. ಇಂತಹ ಫಿಕ್ಸ್ಚರುಗಳಿಗೆ ಸಾಮಾನ್ಯವಾಗಿ 10 ಲಕ್ಷ ಓಮ್‌ನಿಂದ 100 ಕೋಟಿ ಓಮ್‌ವರೆಗಿನ ರೋಧವನ್ನು ಕೇಳುತ್ತಾರೆ. ಮೇಲಿನ ಮಿತಿ ದಾಟಿದರೆ ವಿದ್ಯುತ್ ಹರಿದುಹೋಗದೆ ನಿಲ್ಲುತ್ತದೆ. ಕೆಳಗಿನ ಮಿತಿಗಿಂತ ತೀರಾ ಇಳಿದರೆ ಅದು ಒಮ್ಮೆಲೇ ಹರಿದು, ತಡೆಯಬೇಕೆಂದಿದ್ದ ಹಾನಿಯನ್ನೇ ಮಾಡಬಹುದು. ಬೋರ್ಡಿಗೆ ಪವರ್ ಕೊಟ್ಟು ಪರೀಕ್ಷಿಸುವ ಜಾಗವಾದರೆ ಶಾರ್ಟ್ ಆಗುವ ಅಪಾಯವೂ ಇದೆ. ಅಂದರೆ ಕರೆಂಟ್ ಚೆನ್ನಾಗಿ ಹರಿದಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇದರ ಜೊತೆಗೆ ಫಿಕ್ಸ್ಚರ್ ಎಷ್ಟು ಬಿಸಿ ತಡೆಯಬೇಕು ಎಂಬುದನ್ನೂ ಕೇಳಿಕೊಳ್ಳಬೇಕು. ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ. ಮುಚ್ಚಿದ ವಾಹನದಲ್ಲಿಟ್ಟು ಏಪ್ರಿಲ್ ಬಿಸಿಲಿನಲ್ಲಿ ಸಾಗಿಸಿದರೂ ಸೊಟ್ಟಗಾಗಬಹುದು. ಪಿಇಟಿಜಿ ಸುಮಾರು 80 ಡಿಗ್ರಿಯವರೆಗೆ ನಿಲ್ಲುತ್ತದೆ, ಪ್ರಿಂಟ್ ಮಾಡುವುದೂ ಕಷ್ಟವಲ್ಲ. ಆದ್ದರಿಂದ ನಮ್ಮ ಉದಾಹರಣೆಗೆ ಪಿಇಟಿಜಿಯನ್ನು ಆರಿಸಿಕೊಳ್ಳೋಣ. ಬೆಸುಗೆಯ ಓವನ್ನಿನೊಳಗೆ ಹೋಗುವ ಫಿಕ್ಸ್ಚರಿಗೆ ಇವೆರಡೂ ಆಗುವುದಿಲ್ಲ. ಅದು ಬೇರೆಯೇ ದರ್ಜೆಯ ಪ್ಲಾಸ್ಟಿಕ್ಕುಗಳ ವಿಷಯ.

ಹಂತ 2: ಯಾವ ನ್ಯಾನೊ ವಸ್ತು, ಎಷ್ಟು ಪ್ರಮಾಣ

ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ಉದ್ದ, ಅಗಲ, ದಪ್ಪಗಳಲ್ಲಿ ಒಂದಾದರೂ 1ರಿಂದ 100 ನ್ಯಾನೊಮೀಟರ್ ಒಳಗಿರುವ ವಸ್ತುವನ್ನು ನ್ಯಾನೊ ವಸ್ತು ಎನ್ನುತ್ತಾರೆ. ಪ್ರತಿಯೊಂದಕ್ಕೂ ಅದರದೇ ಆದ ಕೆಲಸವಿದೆ. ಜಪಾನಿನ ಟೊಯೊಟ ಕಂಪನಿಯ ಸಂಶೋಧಕರು 1980ರ ದಶಕದ ಕೊನೆಯಲ್ಲಿ ನೈಲಾನ್‌ಗೆ ಜೇಡಿಮಣ್ಣಿನ ನ್ಯಾನೊ ಪದರಗಳನ್ನು ಬೆರೆಸಿದ್ದು ಬಿಸಿ ತಡೆಯುವ ಗುಣಕ್ಕಾಗಿ ಮತ್ತು ಗಡಸುತನಕ್ಕಾಗಿ. ಬಿಸಿಲಿನ ಅತಿನೇರಳೆ ಕಿರಣಗಳಿಂದ ರಕ್ಷಣೆ ಬೇಕಾದರೆ ಸತುವಿನ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಬಳಸುತ್ತಾರೆ. ಸೂಕ್ಷ್ಮಾಣು ತಡೆಗೆ ಬೆಳ್ಳಿ.

ವಿದ್ಯುತ್ ಹರಿಸುವ ಕೆಲಸಕ್ಕೆ ಮುಖ್ಯವಾಗಿ ಎರಡು ಆಯ್ಕೆಗಳಿವೆ: ಕಾರ್ಬನ್ ಬ್ಲ್ಯಾಕ್ ಮತ್ತು ಬಹುಪದರದ ಕಾರ್ಬನ್ ನಳಿಕೆ. ಟೈರಿಗೆ ಕಪ್ಪು ಬಣ್ಣ ಕೊಡುವ ಕಾರ್ಬನ್ ಬ್ಲ್ಯಾಕಿನ ಮೂಲ ಕಣಗಳೂ ನ್ಯಾನೊ ಗಾತ್ರದವೇ. ಯಾರೂ ಅದನ್ನು ನ್ಯಾನೊ ಎಂದು ಜಾಹೀರಾತು ಮಾಡುವುದಿಲ್ಲ ಅಷ್ಟೇ. ಅವು ಹೆಚ್ಚು ಕಡಿಮೆ ಗುಂಡಗಿರುವುದರಿಂದ ಒಂದಕ್ಕೊಂದು ತಾಗಿ ದಾರಿಯಾಗಬೇಕಾದರೆ ಪ್ರಮಾಣ ಬಹಳ ಬೇಕು. ಸಾಮಾನ್ಯ ದರ್ಜೆಯದಾದರೆ ತೂಕದ ಶೇ. 15–20 ಹಾಕಬೇಕಾಗಿ ಬರುತ್ತದೆ, ಅಷ್ಟು ಹಾಕಿದರೆ ಫಿಲಮೆಂಟ್ ಕಡ್ಡಿಯಂತೆ ಮುರಿಯುತ್ತದೆ. ನಳಿಕೆಗಳ ದಪ್ಪ ಹತ್ತಿಪ್ಪತ್ತು ನ್ಯಾನೊಮೀಟರ್ ಮಾತ್ರ, ಉದ್ದ ಅದರ ನೂರಾರು ಪಟ್ಟು. ಆದ್ದರಿಂದ ಶೇ. 1ರಿಂದ 5ರಷ್ಟು ಪ್ರಮಾಣದಲ್ಲೇ ಅವು ಒಂದರ ಮೇಲೊಂದು ಅಡ್ಡಬಿದ್ದು ಜಾಲವಾಗುತ್ತವೆ. ಆ ಜಾಲ ಕೂಡುವ ಹಂತದಲ್ಲಿ ರೋಧ ಇಳಿಜಾರಿನಂತಲ್ಲದೆ ಕಡಿದಾಗಿ, ಲಕ್ಷಾಂತರ ಪಟ್ಟು ಬೀಳುತ್ತದೆ. ನಮಗೆ ಬೇಕಾದ ರೋಧ ಈ ಕಡಿದಾದ ಜಾಗದಲ್ಲೇ ಇರುವುದರಿಂದ, ಪ್ರಮಾಣದಲ್ಲಿ ಅರ್ಧ ಶೇಕಡ ಹೆಚ್ಚುಕಮ್ಮಿಯಾದರೂ ತುಂಡು ಒಂದೋ ಅವಾಹಕವಾಗುತ್ತದೆ ಇಲ್ಲವೇ ಬೇಕಾದ್ದಕ್ಕಿಂತ ಹೆಚ್ಚು ವಾಹಕವಾಗುತ್ತದೆ. ಶೇ. 3ರಿಂದ ಆರಂಭಿಸಿ, ಅಳತೆ ನೋಡಿಕೊಂಡು ಮೇಲೆ ಕೆಳಗೆ ಹೋಗುವುದು ಸರಿಯಾದ ಕ್ರಮ.

ಬಲ ಹೆಚ್ಚಿಸಲೆಂದು ನಳಿಕೆ ಹಾಕಲು ಹೊರಟವರಿಗೆ ಒಂದು ಮಾತು. ಒಂಟಿ ನಳಿಕೆಯ ಗಡಸುತನ ಉಕ್ಕಿನ ಸುಮಾರು ಐದು ಪಟ್ಟು ಎಂದು ಮಾರಾಟದ ಕರಪತ್ರಗಳಲ್ಲಿ ಇರುವುದು ಸುಳ್ಳಲ್ಲ. ಆದರೆ ಪದರದ ಮೇಲೆ ಪದರ ಹಾಕಿ ಮಾಡಿದ ತುಂಡು ಮುರಿಯುವುದು ಬಹುಪಾಲು ಪದರಗಳ ನಡುವೆ. ನಳಿಕೆಗಳು ಆ ಗೆರೆಯನ್ನು ದಾಟಿ ಹೊಲಿಗೆ ಹಾಕುವುದಿಲ್ಲ. ಬಲವೊಂದೇ ಬೇಕಾದರೆ ಗೋಡೆ ದಪ್ಪ ಮಾಡಿ, ತುಂಡನ್ನು ಮಲಗಿಸಿ ಪ್ರಿಂಟ್ ಮಾಡಿ, ಇಲ್ಲವೇ ಕತ್ತರಿಸಿದ ಕಾರ್ಬನ್ ನಾರಿನ ಫಿಲಮೆಂಟ್ ಕೊಳ್ಳಿ. ಬಲಕ್ಕಾಗಿ ನ್ಯಾನೊ ನಳಿಕೆಗೆ ಹಣ ಸುರಿಯುವುದು ನನ್ನ ಅಭಿಪ್ರಾಯದಲ್ಲಿ ದುಂದು.

ಹಂತ 3: ಪುಡಿ ತರಬೇಡಿ, ಮಾಸ್ಟರ್‌ಬ್ಯಾಚ್ ತನ್ನಿ

ನಳಿಕೆಯ ಪುಡಿ ನೋಡಲು ಮಸಿಯಂತಿರುತ್ತದೆ, ತೂಕವಿಲ್ಲದಷ್ಟು ಹಗುರ. 30 ಗ್ರಾಂ ಪುಡಿ ಸುಮಾರು ಅರ್ಧ ಲೀಟರ್ ಜಾಗ ತುಂಬಬಲ್ಲದು. ಡಬ್ಬದ ಮುಚ್ಚಳ ತೆಗೆದ ಗಾಳಿಗೇ ಅದು ಮೇಲೇಳುತ್ತದೆ, ಮೇಲೆದ್ದದ್ದು ಕಣ್ಣಿಗೆ ಕಾಣುವುದಿಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಿಯಾಶ್ 2013ರಲ್ಲಿ ಶಿಫಾರಸು ಮಾಡಿದ ಮಿತಿ, ಎಂಟು ಗಂಟೆಯ ಸರಾಸರಿಯಲ್ಲಿ ಪ್ರತಿ ಘನ ಮೀಟರ್ ಗಾಳಿಗೆ 1 ಮೈಕ್ರೊಗ್ರಾಂ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಸಿಗುವ ಒಂದು ಪಾಲು ಅದು. ಬಹುಪದರದ ನಳಿಕೆಗಳಲ್ಲಿ ‘ಎಂಡಬ್ಲ್ಯುಸಿಎನ್‌ಟಿ-7’ ಎಂಬ ಬಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2014ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಗುಂಪಿಗೆ ಸೇರಿಸಿತು. ಕೆಜಿಎಫ್ ಗಣಿಗಳು ಮುಚ್ಚಿದ್ದು 2001ರಲ್ಲಿ. ಕಲ್ಲಿನ ದೂಳು ಕುಡಿದು ಸಿಲಿಕೋಸಿಸ್‌ಗೆ ತುತ್ತಾದ ಕಾರ್ಮಿಕರ ಮನೆಗಳಿರುವ ಜಿಲ್ಲೆಯಲ್ಲಿ, ಗಾಳಿ ಬೀಸಿದಾಗ ಸೈನೈಡ್ ದಿಬ್ಬದ ದೂಳಿಗೆ ಕಿಟಕಿ ಮುಚ್ಚಿಕೊಳ್ಳುವ ಊರಿನಲ್ಲಿ, ಕಾಣದ ದೂಳಿನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಆದ್ದರಿಂದ ಸಣ್ಣ ವರ್ಕ್‌ಶಾಪ್‌ಗೆ ಸರಿಯಾದ ದಾರಿ ಮಾಸ್ಟರ್‌ಬ್ಯಾಚ್. ಇದರಲ್ಲಿ ಕಾರ್ಖಾನೆಯವರೇ ಮುಚ್ಚಿದ ಯಂತ್ರದಲ್ಲಿ ನಳಿಕೆಗಳನ್ನು ಶೇ. 15–20ರ ಪ್ರಮಾಣದಲ್ಲಿ ಪ್ಲಾಸ್ಟಿಕ್ಕಿಗೆ ಸೇರಿಸಿ ಕಾಳಿನ ರೂಪದಲ್ಲಿ ಕೊಡುತ್ತಾರೆ. ದೂಳೇಳುವುದಿಲ್ಲ, ನಳಿಕೆಗಳ ಗಂಟುಗಳನ್ನು ಬಿಡಿಸುವ ಕಷ್ಟದ ಕೆಲಸದ ದೊಡ್ಡ ಪಾಲು ಆಗಲೇ ಮುಗಿದಿರುತ್ತದೆ. ಕೊಳ್ಳುವಾಗ ಎರಡು ವಿಷಯ ಕೇಳಿ. ಮಾಸ್ಟರ್‌ಬ್ಯಾಚಿನ ಆಧಾರ ಪ್ಲಾಸ್ಟಿಕ್ ಯಾವುದು? ಅದು ಪಿಇಟಿಜಿಯೇ ಆಗಿರಬೇಕು, ಇಲ್ಲವೇ ಪಿಇಟಿಜಿಯೊಂದಿಗೆ ಹೊಂದಿಕೊಳ್ಳುವಂಥದ್ದಾಗಿರಬೇಕು. ಪಾಲಿಎಥಿಲೀನ್ ಆಧಾರದ್ದನ್ನು ಹಾಕಿದರೆ ಎರಡೂ ಬೆರೆಯದೆ ಫಿಲಮೆಂಟ್ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಇನ್ನೊಂದು, ಅದರ ಸುರಕ್ಷತಾ ಪತ್ರ ಮತ್ತು ಲಾಟ್ ಸಂಖ್ಯೆ. ಇವೆರಡನ್ನೂ ಕೊಡಲು ತಡವರಿಸುವ ಮಾರಾಟಗಾರರಿಂದ ಕೊಳ್ಳದಿರುವುದೇ ಮೇಲು.

ಲೆಕ್ಕ ಸುಲಭ. ಶೇ. 15ರ ಮಾಸ್ಟರ್‌ಬ್ಯಾಚಿನಿಂದ ಶೇ. 3ರ ಒಂದು ಕಿಲೊ ಮಿಶ್ರಣ ಬೇಕಾದರೆ 200 ಗ್ರಾಂ ಮಾಸ್ಟರ್‌ಬ್ಯಾಚ್ ಮತ್ತು 800 ಗ್ರಾಂ ಸಾದಾ ಪಿಇಟಿಜಿ ಕಾಳು. 200 ಗ್ರಾಂನಲ್ಲಿ 30 ಗ್ರಾಂ ನಳಿಕೆ ಇರುತ್ತದೆ, ಅದು ಒಂದು ಕಿಲೊಗೆ ಶೇ. 3.

ತಿಂಗಳಿಗೆ ಒಂದೆರಡು ಫಿಕ್ಸ್ಚರ್ ಮಾತ್ರ ಮಾಡುವವರು ಇಷ್ಟೂ ಕಷ್ಟಪಡಬೇಕಾಗಿಲ್ಲ. ಸಿದ್ಧವಾದ ಇಎಸ್‌ಡಿ ಪಿಇಟಿಜಿ ಫಿಲಮೆಂಟ್ ಸಿಗುತ್ತದೆ. ಬೆಲೆ ಸಾದಾ ಫಿಲಮೆಂಟಿನ ಹಲವು ಪಟ್ಟು ಇದ್ದರೂ ಯಂತ್ರದ ಬಂಡವಾಳದ ಮುಂದೆ ಅದು ಕಡಿಮೆಯೇ. ಅವರು ನೇರವಾಗಿ ಆರನೆಯ ಹಂತಕ್ಕೆ ಹೋಗಬಹುದು.

ಹಂತ 4: ಬೆರೆಸುವುದು, ಬೆರೆತಿದೆಯೇ ಎಂದು ನೋಡುವುದು

ಇದೇ ಇಡೀ ಕೆಲಸದ ಜೀವಾಳ. ನಳಿಕೆಗಳಿಗೆ ಒಂದಕ್ಕೊಂದು ಅಂಟಿಕೊಳ್ಳುವ ಗುಣ ಬಹಳ. ರಾಗಿ ಮುದ್ದೆಗೆ ಹಿಟ್ಟು ಬಿಟ್ಟು ಕೋಲಿನಿಂದ ಸರಿಯಾಗಿ ತಿರುವದಿದ್ದರೆ ಹೊರಗೆ ಬೆಂದು ಒಳಗೆ ಒಣ ಹಿಟ್ಟೇ ಉಳಿದ ಗಂಟುಗಳಾಗುತ್ತವಲ್ಲ, ನಳಿಕೆಗಳ ಗಂಟೂ ಹಾಗೆಯೇ: ಹೊರಮೈಗೆ ಪ್ಲಾಸ್ಟಿಕ್ ಹತ್ತಿರುತ್ತದೆ, ಒಳಗೆ ಒಣ ನಳಿಕೆಗಳೇ ಇರುತ್ತವೆ. ಆ ಗಂಟಿನೊಳಗಿನ ನಳಿಕೆಗಳು ಜಾಲಕ್ಕೆ ಸೇರುವುದಿಲ್ಲ, ಅವುಗಳಿಗೆ ಕೊಟ್ಟ ಹಣ ವ್ಯರ್ಥ. ಮೇಲಾಗಿ ಒತ್ತಡ ಬಿದ್ದಾಗ ಬಿರುಕು ಹುಟ್ಟುವುದು ಆ ಗಂಟಿನ ಬುಡದಿಂದಲೇ.

ಮೊದಲು ಎರಡೂ ಕಾಳುಗಳನ್ನು 65 ಡಿಗ್ರಿಯಲ್ಲಿ ನಾಲ್ಕರಿಂದ ಆರು ಗಂಟೆ ಒಣಗಿಸಬೇಕು. ಪಿಇಟಿಜಿಯಲ್ಲಿ ತೇವ ಉಳಿದಿದ್ದರೆ ಕರಗುವ ಬಿಸಿಯಲ್ಲಿ ಆ ನೀರು ಪ್ಲಾಸ್ಟಿಕ್ಕಿನ ಉದ್ದನೆಯ ಅಣು ಸರಪಳಿಗಳನ್ನು ಕಡಿದುಹಾಕುತ್ತದೆ, ತುಂಡು ಪೆಡಸಾಗುತ್ತದೆ. ಅನಂತರ ಒಂದೇ ದಿಕ್ಕಿನಲ್ಲಿ ತಿರುಗುವ ಎರಡು ಸ್ಕ್ರೂಗಳ (ಟ್ವಿನ್ ಸ್ಕ್ರೂ), ಪ್ಲಾಸ್ಟಿಕ್ಕನ್ನು ಕರಗಿಸಿ ಹೊರತಳ್ಳುವ ಎಕ್ಸ್‌ಟ್ರೂಡರಿನಲ್ಲಿ, ಸುಮಾರು 230ರಿಂದ 250 ಡಿಗ್ರಿಯಲ್ಲಿ ಬೆರೆಸಿ, ಎಳೆಯಾಗಿ ತೆಗೆದು ಮತ್ತೆ ಕಾಳು ಕತ್ತರಿಸಬೇಕು. ಒಂಟಿ ಸ್ಕ್ರೂವಿನ ಫಿಲಮೆಂಟ್ ಯಂತ್ರಕ್ಕೆ ನೇರವಾಗಿ ಎರಡೂ ಕಾಳು ಸುರಿದರೆ ಕೆಲಸ ಆದಂತೆ ಕಾಣುತ್ತದೆ, ಏಕೆಂದರೆ ಬರುವ ಎಳೆ ಪೂರ್ತಿ ಕಪ್ಪಗಿರುತ್ತದೆ. ಆದರೆ ಕಪ್ಪು ಬಣ್ಣ ಹರಡಿಕೆಗೆ ಸಾಕ್ಷಿಯಲ್ಲ, ಶೇ. 0.1 ಹಾಕಿದರೂ ಪ್ಲಾಸ್ಟಿಕ್ ಕಡುಗಪ್ಪಾಗುತ್ತದೆ. ಹಾಗೆಂದು ಟ್ವಿನ್ ಸ್ಕ್ರೂವಿನಲ್ಲಿ ಅತಿ ವೇಗದಲ್ಲಿ ಪದೇ ಪದೇ ಹಾಯಿಸುವುದೂ ತಪ್ಪು. ನಳಿಕೆಗಳು ತುಂಡಾಗಿ ಗಿಡ್ಡವಾಗುತ್ತವೆ, ಅದೇ ಪ್ರಮಾಣದಲ್ಲಿ ಜಾಲ ಕೂಡದೆ ರೋಧ ಏರುತ್ತದೆ.

ಟ್ವಿನ್ ಸ್ಕ್ರೂ ಯಂತ್ರ ಕೊಳ್ಳುವ ಅಗತ್ಯವಿಲ್ಲ. ಪ್ಲಾಸ್ಟಿಕ್ ತಂತ್ರಜ್ಞಾನಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ ಸಿಪೆಟ್‌ಗೆ ಮೈಸೂರಿನಲ್ಲಿ ಕೇಂದ್ರವಿದೆ, ಅಲ್ಲಿ ವಿಚಾರಿಸಬಹುದು. ಹೀಗೆ ಬೆರೆಸಿಕೊಡುವ (ಕಾಂಪೌಂಡಿಂಗ್) ಖಾಸಗಿ ಘಟಕಗಳೂ ಬೆಂಗಳೂರಿನ ಸುತ್ತಮುತ್ತ ಇವೆ. ಕೂಲಿಗೆ ಮಾಡಿಸುವಾಗ, ಹಿಂದಿನ ಗ್ರಾಹಕರ ಪ್ಲಾಸ್ಟಿಕ್ ಯಂತ್ರದಲ್ಲಿ ಉಳಿದಿರುತ್ತದೆಯಾದ್ದರಿಂದ ಮೊದಲು ಬರುವ ಎಳೆಯನ್ನು ಪಕ್ಕಕ್ಕಿಡಲು ಹೇಳಬೇಕು.

ಹರಡಿಕೆಯನ್ನು ನೋಡಲು ಒಂದು ಅಗ್ಗದ ವಿಧಾನವಿದೆ. ಬೆರೆಸಿದ ಕಾಳಿನಿಂದ ಸಾಸಿವೆಯಷ್ಟು ತುಣುಕನ್ನು ಕತ್ತರಿಸಿ, ಎರಡು ಗಾಜಿನ ಸ್ಲೈಡುಗಳ ನಡುವೆ ಇಟ್ಟು, ಹಾಟ್‌ಪ್ಲೇಟಿನ ಮೇಲೆ ಕರಗಿಸಿ, ಬೆಳಕು ಹಾಯುವಷ್ಟು ತೆಳುವಾಗುವಂತೆ ಒತ್ತಬೇಕು. ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚೆನ್ನಾಗಿ ಬೆರೆತದ್ದು ಸಮನಾದ ಬೂದುಬಣ್ಣದ ಹಾಳೆಯಂತೆ ಕಾಣುತ್ತದೆ. ಬೆರೆಯದ್ದರಲ್ಲಿ ಕಪ್ಪು ಚುಕ್ಕೆಗಳು ಎದ್ದು ಕಾಣುತ್ತವೆ. ಬಿಡಿ ನಳಿಕೆ ಈ ಸೂಕ್ಷ್ಮದರ್ಶಕಕ್ಕೆ ಕಾಣುವುದೇ ಇಲ್ಲ, ಆದ್ದರಿಂದ ಕಂಡದ್ದೆಲ್ಲವೂ ಗಂಟೇ. ಹತ್ತಾರು ಮೈಕ್ರಾನಿನ ಚುಕ್ಕೆಗಳು ಅಲ್ಲಲ್ಲಿ ಕಂಡರೆ ಇನ್ನೊಮ್ಮೆ ಬೆರೆಸಬೇಕು. ಇದಕ್ಕಿಂತ ಆಳಕ್ಕೆ ಹೋಗಬೇಕಾದಾಗ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದ ಪರೀಕ್ಷಾ ಸೌಲಭ್ಯವನ್ನು ಹೊರಗಿನ ಸಂಸ್ಥೆಗಳೂ ಉದ್ಯಮಗಳೂ ಶುಲ್ಕ ತೆತ್ತು ಬಳಸಬಹುದು. ಮೊದಲ ಸಲ ಒಂದು ಮಿಶ್ರಣವನ್ನು ಗಟ್ಟಿ ಮಾಡಿಕೊಳ್ಳುವಾಗ ಅದು ಯೋಗ್ಯವಾದ ಖರ್ಚು. ಪ್ರತಿ ಲಾಟಿಗೂ ಅಗತ್ಯವಿಲ್ಲ, ಗಾಜಿನ ಸ್ಲೈಡು ಸಾಕು.

ಹಂತ 5: ಫಿಲಮೆಂಟ್ ಎಳೆಯುವುದು

ಬೆರೆತ ಕಾಳನ್ನು ಮತ್ತೆ ಒಣಗಿಸಿ, ಒಂಟಿ ಸ್ಕ್ರೂವಿನ ಯಂತ್ರದಲ್ಲಿ 1.75 ಮಿಲಿಮೀಟರ್ ದಪ್ಪದ ಎಳೆಯಾಗಿ ಎಳೆಯಬೇಕು. ಏರುಪೇರು 0.05 ಮಿಲಿಮೀಟರ್ ಮೀರಬಾರದು. 1.75 ಇರಬೇಕಾದಲ್ಲಿ 1.80 ಆದರೆ ಪ್ರಿಂಟರಿನ ಮೂತಿಯಾದ ನಾಜಲಿನಿಂದ ಸುಮಾರು ಶೇ. 6ರಷ್ಟು ಹೆಚ್ಚು ಮಾಲು ಹೊರಬರುತ್ತದೆ. ಕಡಿಮೆಯಾದರೆ ಗೆರೆಗಳ ನಡುವೆ ಸಂದು ಬಿಟ್ಟು ವಿದ್ಯುತ್ತಿನ ದಾರಿಯೇ ತುಂಡಾಗುತ್ತದೆ. ಪ್ರತಿ ಕೆಲವು ಮೀಟರಿಗೊಮ್ಮೆ ಎರಡು ಅಡ್ಡ ದಿಕ್ಕುಗಳಲ್ಲಿ ವರ್ನಿಯರ್ ಹಿಡಿದು ನೋಡಬೇಕು, ಎಳೆ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಒಂದೇ ದಿಕ್ಕಿನ ಅಳತೆಯಲ್ಲಿ ತಿಳಿಯುವುದಿಲ್ಲ. ತೂಕ ನೋಡುವುದೂ ಒಳ್ಳೆಯ ಪರೀಕ್ಷೆ: ಸಾದಾ ಪಿಇಟಿಜಿಯಾದರೆ 10 ಮೀಟರ್ ಎಳೆ ಸುಮಾರು 30 ಗ್ರಾಂ ತೂಗುತ್ತದೆ. ನೀರಿನ ತೊಟ್ಟಿಯಲ್ಲಿ ತಣಿಸಿದ ಎಳೆಯನ್ನು ಒರೆಸಿ, ಸುತ್ತಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿಡಬೇಕು. ಮಳೆಗಾಲದಲ್ಲಿ ಬಳಸುವ ಮುನ್ನ ಇನ್ನೊಮ್ಮೆ ಒಣಗಿಸುವುದನ್ನು ಬಿಡಬಾರದು.

ಹಂತ 6: ಪ್ರಿಂಟರ್ ಸಿದ್ಧತೆ ಮತ್ತು ಪ್ರಿಂಟ್

ನಾಜಲ್ 0.6 ಮಿಲಿಮೀಟರಿನದ್ದಿರಲಿ, ಗಡಸು ಉಕ್ಕಿನದ್ದಿರಲಿ. ಹತ್ತು ನ್ಯಾನೊಮೀಟರ್ ದಪ್ಪದ ನಳಿಕೆಗಿಂತ ಈ ತೂತು 60 ಸಾವಿರ ಪಟ್ಟು ಅಗಲ. ಆದ್ದರಿಂದ ನಾಜಲ್ ಕಟ್ಟಿಕೊಂಡರೆ ಅದು ನಳಿಕೆಯ ತಪ್ಪಲ್ಲ, ಬೆರೆಯದ ಗಂಟಿನದ್ದು ಅಥವಾ ಹೊರಗಿನ ಕಸದ್ದು, ಮತ್ತು ಅದು ನಾಲ್ಕನೆಯ ಹಂತಕ್ಕೆ ಹಿಂದಿರುಗಬೇಕೆಂಬ ಸೂಚನೆ. ಹಿತ್ತಾಳೆಯ ನಾಜಲನ್ನು ಬೇಗ ಸವೆಸುವುದು ಕಾರ್ಬನ್ ನಾರು, ಅಲ್ಯುಮಿನ, ಸಿಲಿಕಾದಂತಹ ಗಡಸು ವಸ್ತುಗಳು. ನಳಿಕೆ ಅಷ್ಟು ಸವೆಸದಿದ್ದರೂ ಒಂದು ಉಕ್ಕಿನ ನಾಜಲನ್ನು ಇದಕ್ಕೇ ಮೀಸಲಿಡುವುದು ಲೇಸು, ಏಕೆಂದರೆ ಒಳಗೆ ಉಳಿದ ಕಪ್ಪು ಮುಂದಿನ ಬಿಳಿ ತುಂಡನ್ನು ಹಾಳುಮಾಡುತ್ತದೆ. ಹಾಟ್‌ಎಂಡ್‌ ಎಂಬ ಕರಗಿಸುವ ಭಾಗದ ಒಳಗೆ ಟೆಫ್ಲಾನ್ ಕೊಳವೆ ನಾಜಲಿನವರೆಗೂ ಇಳಿದಿರುವ ಹಳೆಯ ಪ್ರಿಂಟರಾಗಿದ್ದರೆ 240 ಡಿಗ್ರಿ ದಾಟಿಸಬಾರದು. ಪೂರ್ಣ ಲೋಹದ ಹಾಟ್‌ಎಂಡ್ ಹಾಕಿಸಿಕೊಳ್ಳಬೇಕು.

ನಳಿಕೆ ಬೆರೆತ ಪ್ಲಾಸ್ಟಿಕ್ ಕರಗಿದಾಗ ಸಾದಾ ಪ್ಲಾಸ್ಟಿಕ್ಕಿಗಿಂತ ಮಂದವಾಗಿರುತ್ತದೆ. ಹಾಗಾಗಿ ನಾಜಲ್ 245ರಿಂದ 255 ಡಿಗ್ರಿ, ತುಂಡು ಕೂರುವ ಬೆಡ್ 75ರಿಂದ 80 ಡಿಗ್ರಿ, ವೇಗ ಸೆಕೆಂಡಿಗೆ 30–40 ಮಿಲಿಮೀಟರ್, ಫ್ಯಾನ್ ಕಡಿಮೆ. ಬೆಡ್ಡಿಗೆ ತೆಳುವಾಗಿ ಅಂಟುಕಡ್ಡಿ ಸವರಿದರೆ ತುಂಡು ಬಿಡಿಸುವಾಗ ಬೆಡ್ಡಿನ ಹಾಳೆ ಕಿತ್ತುಬರುವುದಿಲ್ಲ.

ಬಿಸಿಯ ವಿಷಯದಲ್ಲಿ ಇನ್ನೂ ಸ್ವಲ್ಪ ನಿಲ್ಲಬೇಕು. ಒಂದೇ ಫಿಲಮೆಂಟಿನಿಂದ ಒಂದೇ ಆಕಾರದ ತುಂಡನ್ನು 240 ಮತ್ತು 260 ಡಿಗ್ರಿಯಲ್ಲಿ ಮಾಡಿದರೆ ರೋಧ ಬೇರೆ ಬೇರೆ ಬರುತ್ತದೆ. ಬಿಸಿ ಹೆಚ್ಚಿದಾಗ ಪ್ಲಾಸ್ಟಿಕ್ ತೆಳುವಾಗಿ, ನಾಜಲಿನಲ್ಲಿ ಎಳೆದಾಡಿಸಿಕೊಂಡು ಚದುರಿದ ನಳಿಕೆಗಳಿಗೆ ಮತ್ತೆ ತಾಗಿಕೊಳ್ಳಲು ಅವಕಾಶ ಸಿಗುತ್ತದೆ, ಪಕ್ಕಪಕ್ಕದ ಗೆರೆಗಳೂ ಚೆನ್ನಾಗಿ ಬೆಸೆಯುತ್ತವೆ. ಸಾಮಾನ್ಯವಾಗಿ ರೋಧ ಇಳಿಯುತ್ತದೆ. ಎಂದರೆ ಪ್ರಿಂಟರಿನ ಬಿಸಿ ನಮ್ಮ ಕೈಯಲ್ಲಿರುವ ಒಂದು ತಿರುಪು. ನಿಜವಾದ ಫಿಕ್ಸ್ಚರ್ ಪ್ರಿಂಟ್ ಮಾಡುವ ಮುನ್ನ ಅಂಗೈಯಗಲದ, 3 ಮಿಲಿಮೀಟರ್ ದಪ್ಪದ ಬಿಲ್ಲೆಗಳನ್ನು 240, 250, 260 ಡಿಗ್ರಿಗಳಲ್ಲಿ ಮಾಡಿ ಅಳೆದು, ಬೇಕಾದ ವ್ಯಾಪ್ತಿಯ ನಡುವಿನಲ್ಲಿ ಬೀಳುವ ಬಿಸಿಯನ್ನು ಆರಿಸಿಕೊಳ್ಳಬೇಕು. ಅಂಚಿನಲ್ಲಿ ಬೀಳುವುದನ್ನು ಆರಿಸಿದರೆ ಮುಂದಿನ ಲಾಟಿನಲ್ಲಿ ಅದು ಹೊರಗೆ ಬೀಳುತ್ತದೆ.

ದಿಕ್ಕಿನದ್ದೂ ಹೀಗೆಯೇ. ನಾಜಲಿನಿಂದ ಹೊರಬರುವಾಗ ನಳಿಕೆಗಳು ಗೆರೆಯ ಉದ್ದಕ್ಕೆ ಸಾಲಾಗುತ್ತವೆ, ಆದ್ದರಿಂದ ಗೆರೆಯ ಉದ್ದಕ್ಕೆ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಪದರದಿಂದ ಪದರಕ್ಕೆ ಇಳಿಯಲು ಕಷ್ಟಪಡುತ್ತದೆ. ಫಿಕ್ಸ್ಚರಿನಲ್ಲಿ ವಿದ್ಯುತ್ ಹೋಗಬೇಕಾದದ್ದು ಮೇಲಿನ ಬೋರ್ಡಿನಿಂದ ಕೆಳಗಿನ ಅರ್ತ್ ಮಾಡಿದ ಮ್ಯಾಟಿಗೆ, ಅಂದರೆ ಆ ಕಷ್ಟದ ದಿಕ್ಕಿನಲ್ಲೇ. ಹೊರಗೋಡೆಗೆ ಕನಿಷ್ಠ ನಾಲ್ಕು ಸುತ್ತು ಕೊಟ್ಟು, ಬೋರ್ಡ್ ಕೂರುವ ಜಾಗದ ಕೆಳಗೆ ಒಳತುಂಬನ್ನು ಪೂರ್ತಿ ಮಾಡುವುದು ಒಳ್ಳೆಯದು. ಸ್ಟ್ಯಾಂಡಿನಂತಹ ಎತ್ತರದ ಭಾಗಗಳಿದ್ದರೆ ಅವನ್ನು ಬೇರೆಯಾಗಿ ಮಲಗಿಸಿ ಪ್ರಿಂಟ್ ಮಾಡಿ ಲೋಹದ ಸ್ಕ್ರೂವಿನಿಂದ ಜೋಡಿಸಬಹುದು; ಅಂಟು ಹಾಕಿದರೆ ಆ ಅಂಟೇ ಅವಾಹಕವಾಗಿ ಅಡ್ಡ ನಿಲ್ಲುತ್ತದೆ.

ಹಂತ 7: ಅಳೆಯುವುದು

ಅಂಗಡಿಯಲ್ಲಿ ಸಿಗುವ ಮಲ್ಟಿಮೀಟರ್ ಈ ಕೆಲಸಕ್ಕೆ ಬಾರದು. ಅದು ಕೆಲವು ಕೋಟಿ ಓಮ್‌ವರೆಗೆ ಮಾತ್ರ, ಅದೂ ಬಹಳ ಕಡಿಮೆ ವೋಲ್ಟ್‌ನಲ್ಲಿ ಅಳೆಯುತ್ತದೆ. ಸೂಜಿಯಂತಹ ಅದರ ಮೊನೆ ಮೇಲ್ಮೈಗೆ ಸರಿಯಾಗಿ ತಾಗುವುದೂ ಇಲ್ಲ. 10 ವೋಲ್ಟ್ ಮತ್ತು 100 ವೋಲ್ಟ್ ಕೊಡುವ ಅಧಿಕ ರೋಧದ ಮೀಟರ್ ಬೇಕು. ಎಲೆಕ್ಟ್ರಿಷಿಯನ್ನರ ಬಳಿ ಇರುವ 500 ವೋಲ್ಟಿನ ಮೆಗ್ಗರಿನಿಂದ ಅಳೆದ ಅಂಕಿಯನ್ನು ಗ್ರಾಹಕರು ಒಪ್ಪುವುದಿಲ್ಲ, ಏಕೆಂದರೆ ವೋಲ್ಟ್ ಹೆಚ್ಚಿದಂತೆ ಈ ಬಗೆಯ ಪ್ಲಾಸ್ಟಿಕ್ಕಿನ ರೋಧ ಇಳಿದಂತೆ ತೋರುತ್ತದೆ. ಕೆಲಸದ ಮೇಜು ಮತ್ತು ಮ್ಯಾಟುಗಳ ಅಳತೆಗೆ ಬಳಸುವ, ಸುಮಾರು 2.27 ಕಿಲೊ ತೂಕದ, ತಳಕ್ಕೆ ವಾಹಕ ರಬ್ಬರ್ ಹಾಕಿದ ದುಂಡು ಎಲೆಕ್ಟ್ರೋಡ್ ಇದ್ದರೆ ಅದನ್ನೇ ಬಳಸಬಹುದು. ಫಿಕ್ಸ್ಚರ್ ಚಿಕ್ಕದಾದರೆ ಚಿಕ್ಕ ಎಲೆಕ್ಟ್ರೋಡ್ ಬೇಕಾಗುತ್ತದೆ. ಮೇಲ್ಮೈಯ ಎರಡು ಬಿಂದುಗಳ ನಡುವೆ ಒಮ್ಮೆ, ಮೇಲಿನಿಂದ ಕೆಳಕ್ಕೆ ಒಮ್ಮೆ, ಹೀಗೆ ತುಂಡಿನ ಹಲವು ಕಡೆ ಅಳೆಯಬೇಕು. ಒಂದು ಮೂಲೆಯಲ್ಲಿ 50 ಲಕ್ಷ, ಇನ್ನೊಂದು ಮೂಲೆಯಲ್ಲಿ 50 ಕೋಟಿ ಬಂದರೆ ಎರಡೂ ವ್ಯಾಪ್ತಿಯೊಳಗಿವೆ ಎಂದು ಸಮಾಧಾನಪಡಬಾರದು. ನೂರು ಪಟ್ಟಿನ ಆ ವ್ಯತ್ಯಾಸ ಹರಡಿಕೆ ಸರಿಯಿಲ್ಲವೆಂದು ಹೇಳುತ್ತಿದೆ.

ಅಳತೆಯ ದಿನದ ಗಾಳಿಯ ತೇವಾಂಶವನ್ನೂ ಬರೆದಿಡಬೇಕು. ಮೇಲ್ಮೈಗೆ ಸಿಂಪಡಿಸುವ ಆ್ಯಂಟಿಸ್ಟ್ಯಾಟಿಕ್ ದ್ರಾವಣಗಳು ಗಾಳಿಯ ತೇವವನ್ನು ಹಿಡಿದೇ ಕೆಲಸ ಮಾಡುವುದರಿಂದ, ಮಾರ್ಚ್–ಏಪ್ರಿಲ್‌ನ ಒಣಹವೆಯಲ್ಲಿ, ಸ್ಥಿರ ವಿದ್ಯುತ್ತಿನ ಕಾಟ ಅತಿ ಹೆಚ್ಚಿರುವ ಹೊತ್ತಿನಲ್ಲೇ ಕೈಕೊಡುತ್ತವೆ. ನಳಿಕೆಯ ಜಾಲಕ್ಕೆ ತೇವದ ಹಂಗಿಲ್ಲ. ಬಯಲುಸೀಮೆಯ ಹವೆಗೆ ಈ ದುಬಾರಿ ಮಾರ್ಗವನ್ನು ಸಮರ್ಥಿಸಲು ಇದೊಂದೇ ಕಾರಣ ಸಾಕು.

ಕೊನೆಯದಾಗಿ ಬಿಳಿ ಕಾಗದದ ಪರೀಕ್ಷೆ. ಫಿಕ್ಸ್ಚರಿನ ಮೇಲ್ಮೈಯನ್ನು ಬಿಳಿ ಕಾಗದದ ಮೇಲೆ ಒತ್ತಿ ಉಜ್ಜಿದಾಗ ಕಪ್ಪು ಗೆರೆ ಬಿದ್ದರೆ ಇಂಗಾಲ ಉದುರುತ್ತಿದೆ ಎಂದರ್ಥ. ಉದುರಿದ ಇಂಗಾಲ ವಿದ್ಯುದ್ವಾಹಕ; ಬೋರ್ಡಿನ ಕಾಲುಗಳ ನಡುವೆ ಕೂತರೆ ಶಾರ್ಟ್ ಮಾಡುತ್ತದೆ. ಅಂತಹ ತುಂಡನ್ನು ಕಳುಹಿಸಬಾರದು.

ರೆಸಿನ್ ಮತ್ತು ಲೋಹದ ಪ್ರಿಂಟರ್ ಇರುವವರಿಗೆ

ಬೆಳಕಿನಿಂದ ರೆಸಿನ್ ಗಟ್ಟಿಗೊಳಿಸುವ ಪ್ರಿಂಟರಿನಲ್ಲಿ ಲೆಕ್ಕ ಬೇರೆ. ನಳಿಕೆಯೂ ಇಂಗಾಲದ ತೆಳು ಹಾಳೆಯಾದ ಗ್ರಾಫೀನೂ ಬೆಳಕನ್ನು ನುಂಗುವುದರಿಂದ, ಸ್ವಲ್ಪ ಹಾಕಿದರೂ 405 ನ್ಯಾನೊಮೀಟರಿನ ಬೆಳಕು ಪದರದ ತಳ ಮುಟ್ಟುವುದಿಲ್ಲ. ಬೆಳಕು ಕೊಡುವ ಸಮಯವನ್ನು ಎರಡು ಪಟ್ಟು ಮಾಡಿದರೆ ಗಟ್ಟಿಯಾಗುವ ಆಳ ಎರಡು ಪಟ್ಟಾಗುವುದಿಲ್ಲ, ಲಾಗರಿದಂನ ಲೆಕ್ಕದಲ್ಲಿ ಸ್ವಲ್ಪವೇ ಹೆಚ್ಚುತ್ತದೆ. ಆದ್ದರಿಂದ ಪದರವನ್ನೇ ತೆಳು ಮಾಡಬೇಕು. ಗಡಸುತನಕ್ಕೆ ಬೆಳಕನ್ನು ಹಾಯಲು ಬಿಡುವ ನ್ಯಾನೊ ಸಿಲಿಕಾ ಬಳಸುವುದು ಸುಲಭ. ತೊಟ್ಟಿಯ ತಳಕ್ಕೆ ಕಣ ಕೂತಿದೆಯೇ ಎಂದು ಪ್ರತಿ ಪ್ರಿಂಟಿಗೂ ಮುನ್ನ ನೋಡಬೇಕು.

ಲೋಹದಲ್ಲಿ ನ್ಯಾನೊ ಕಣಗಳು ಮಾಡಿದ ಕೆಲಸ ಇನ್ನೂ ದೊಡ್ಡದು. ವಿಮಾನಗಳಲ್ಲಿ ಬಳಸುವ 7075 ಅಲ್ಯುಮಿನಿಯಂ ಮಿಶ್ರಲೋಹ ಲೇಸರಿನಲ್ಲಿ ಕರಗಿ ಗಟ್ಟಿಯಾಗುವಾಗ ಬಿರುಕು ಬಿಡುತ್ತಿತ್ತು. ಅಮೆರಿಕದ ಎಚ್‌ಆರ್‌ಎಲ್ ಪ್ರಯೋಗಾಲಯದವರು ಪುಡಿಯ ಕಣಗಳ ಮೈಗೆ ಜಿರ್ಕೋನಿಯಂ ನ್ಯಾನೊ ಕಣಗಳನ್ನು ಅಂಟಿಸಿ, ಲೋಹದ ಹರಳುಗಳು ಉದ್ದುದ್ದ ಕಂಬಗಳಾಗದೆ ಸಣ್ಣ ಸಣ್ಣದಾಗಿ ಹುಟ್ಟುವಂತೆ ಮಾಡಿ ಆ ಬಿರುಕನ್ನು ತಡೆದದ್ದು 2017ರಲ್ಲಿ ಪ್ರಕಟವಾಯಿತು. ನಾಸಾದ ಜಿಆರ್‌ಎಕ್ಸ್-810 ಮಿಶ್ರಲೋಹದಲ್ಲೂ ಯಿಟ್ರಿಯಂ ಆಕ್ಸೈಡಿನ ನ್ಯಾನೊ ಕಣಗಳ ಲೇಪವೇ ಆಧಾರ. ಆದರೆ ನುಣ್ಣನೆಯ ಅಲ್ಯುಮಿನಿಯಂ ಪುಡಿ ಗಾಳಿಯಲ್ಲಿ ಸ್ಫೋಟಿಸಬಲ್ಲದು. ಇಂತಹ ಪುಡಿಯನ್ನು ವರ್ಕ್‌ಶಾಪಿನಲ್ಲಿ ಬೆರೆಸುವ ಯೋಚನೆ ಬೇಡವೇ ಬೇಡ. ಸಿದ್ಧ ಪುಡಿ ತರಿಸಿ, ತಯಾರಕರ ನಿಯಮದಂತೆಯೇ ಬಳಸಬೇಕು.

ಹಂತ 8: ದೂಳು, ಹೊಗೆ, ಕಸ

ಪ್ಲಾಸ್ಟಿಕ್ಕಿನೊಳಗೆ ಸಿಕ್ಕಿಕೊಂಡ ನಳಿಕೆ ತಾನಾಗಿ ಹಾರಿಬರುವುದಿಲ್ಲ. ಕತ್ತರಿಸಿದಾಗ, ಕೊರೆದಾಗ, ಮರಳು ಕಾಗದ ಹಾಕಿದಾಗ ಏಳುವ ದೂಳಿನಲ್ಲಿ ಅದು ಇರುತ್ತದೆ. ತೂತುಗಳನ್ನು ವಿನ್ಯಾಸದಲ್ಲೇ ಕೊಟ್ಟು ಡ್ರಿಲ್ ಮಾಡುವುದನ್ನು ತಪ್ಪಿಸಬೇಕು. ಉಜ್ಜಲೇಬೇಕಾದರೆ ನೀರು ಹಾಕಿಕೊಂಡು ಉಜ್ಜಬೇಕು. ಪೊರಕೆ ಮತ್ತು ಕಂಪ್ರೆಸರಿನ ಗಾಳಿ ಎರಡೂ ನಿಷಿದ್ಧ. ಒದ್ದೆ ಬಟ್ಟೆ ಅಥವಾ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್ ಬಳಸಬೇಕು. ನೈಟ್ರೈಲ್ ಕೈಗವಸು, ಎನ್95 ಅಥವಾ ಅದಕ್ಕೂ ಮೇಲಿನ ದರ್ಜೆಯ ಮಾಸ್ಕ್ ಬೇಕು; ಮುಖಕ್ಕೆ ಕಟ್ಟುವ ಕರವಸ್ತ್ರದಿಂದ ಏನೂ ಪ್ರಯೋಜನವಿಲ್ಲ. ನ್ಯಾನೊ ವಸ್ತು ಇರಲಿ ಇಲ್ಲದಿರಲಿ, ಪ್ರಿಂಟರ್ ಕರಗಿಸುವಾಗಲೇ ಅತಿಸೂಕ್ಷ್ಮ ಕಣಗಳನ್ನು ಹೊರಬಿಡುತ್ತದೆ, ಪಿಎಲ್‌ಎಗಿಂತ ಎಬಿಎಸ್ ಪ್ಲಾಸ್ಟಿಕ್ ಇನ್ನೂ ಹೆಚ್ಚು. ಪ್ರಿಂಟರನ್ನು ಪೆಟ್ಟಿಗೆಯೊಳಗಿಟ್ಟು ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಬಿಡಬೇಕು, ಊಟದ ಡಬ್ಬಿ ಆ ಕೋಣೆಯಲ್ಲಿ ತೆರೆಯಬಾರದು.

ಕೆಟ್ಟ ಪ್ರಿಂಟು, ಎಳೆಯ ಚೂರು, ಒರೆಸಿದ ಬಟ್ಟೆ ಇವನ್ನು ಎರಡು ಪದರದ ಚೀಲದಲ್ಲಿ ಕಟ್ಟಿ, ಚೀಟಿ ಅಂಟಿಸಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ತ್ಯಾಜ್ಯ ನಿರ್ವಾಹಕರಿಗೆ ಒಪ್ಪಿಸಬೇಕು. ಶೆಡ್ಡಿನ ಹಿಂದೆ ರಾಶಿ ಹಾಕಿ ಬೆಂಕಿ ಇಡುವ ಅಭ್ಯಾಸ ಇದಕ್ಕೆ ಸಲ್ಲದು. ಗುಜರಿಯವರಿಗೆ ಸಾದಾ ಪ್ಲಾಸ್ಟಿಕ್ಕಿನ ಜೊತೆ ಕೊಟ್ಟರೆ ಅದು ಪುಡಿ ಮಾಡುವ ಯಂತ್ರಕ್ಕೆ ಹೋಗಿ, ಅಲ್ಲಿ ನಿಂತು ಕೆಲಸ ಮಾಡುವವರ ಮೂಗಿಗೆ ಸೇರುತ್ತದೆ.

ಹಂತ 9: ಒಪ್ಪಿಸುವುದು ಮತ್ತು ಮರುಪರೀಕ್ಷೆ

ಪ್ರತಿ ಫಿಕ್ಸ್ಚರಿನ ತಳದಲ್ಲಿ ಒಂದು ಸಂಖ್ಯೆ ಮೂಡಿಸಿ, ಮಾಸ್ಟರ್‌ಬ್ಯಾಚಿನ ಲಾಟ್, ನಳಿಕೆಯ ಪ್ರಮಾಣ, ಪ್ರಿಂಟಿನ ಬಿಸಿ, ಅಳತೆಯ ಅಂಕಿಗಳು, ಅಳೆದ ವೋಲ್ಟ್ ಮತ್ತು ತೇವಾಂಶ ಇವಿಷ್ಟನ್ನೂ ಅದೇ ಸಂಖ್ಯೆಯಡಿ ದಾಖಲಿಸಿಡಬೇಕು. ಅದೇ ಲಾಟಿನ ಒಂದು ಬಿಲ್ಲೆಯನ್ನು ತಮ್ಮ ಬಳಿಯೇ ಇಟ್ಟುಕೊಂಡರೆ, ಮುಂದೆ ಗ್ರಾಹಕರ ಅಳತೆಗೂ ನಮ್ಮ ಅಳತೆಗೂ ವ್ಯತ್ಯಾಸ ಬಂದಾಗ ಎರಡೂ ಕಡೆಯ ಮೀಟರಿನಲ್ಲಿ ಆ ಬಿಲ್ಲೆಯನ್ನೇ ಅಳೆದು ತಕರಾರು ಬಗೆಹರಿಸಬಹುದು. ಫಿಕ್ಸ್ಚರನ್ನು ಅರ್ತ್ ಮಾಡಿದ ಮ್ಯಾಟಿನ ಮೇಲೆಯೇ ಇಡಬೇಕು, ಮರದ ಹಲಗೆಯ ಮೇಲಿಟ್ಟರೆ ಇಷ್ಟೆಲ್ಲ ಮಾಡಿದ್ದು ನಿಷ್ಫಲ ಎಂಬುದನ್ನು ಒಪ್ಪಿಸುವಾಗಲೇ ಬರೆದು ಕೊಡಬೇಕು. ಬಳಕೆಯಲ್ಲಿ ಮೇಲ್ಮೈಗೆ ಬೆಸುಗೆಯ ಫ್ಲಕ್ಸ್ ಮತ್ತು ಕೈಯ ಜಿಡ್ಡು ಮೆತ್ತಿಕೊಂಡು ರೋಧ ಏರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಅಳೆದರೆ ಅಂಕಿ ಮೊದಲಿನ ಜಾಗಕ್ಕೆ ಬರಬೇಕು. ಒರೆಸಿದ ಮೇಲೂ ಬಾರದಿದ್ದರೆ, ಅಥವಾ ಬೋರ್ಡ್ ಕೂರುವ ಅಂಚಿನಲ್ಲಿ ಪದರಗಳು ಬಿಟ್ಟುಕೊಂಡಿದ್ದರೆ, ಆ ಫಿಕ್ಸ್ಚರನ್ನು ಸಾಲಿನಿಂದ ತೆಗೆದು ಅದೇ ದಾಖಲೆಯ ಪ್ರಕಾರ ಹೊಸದನ್ನು ಪ್ರಿಂಟ್ ಮಾಡಬೇಕು.